ಕಂಪೈಲರಿನ ಪ್ರಾಮಾಣ್ಯವೂ ವ್ಯಾಕರಣದ ಪಾಠವೂ

ಕಂಪ್ಯೂಟರ್ ಬಂದ ಮೇಲೆ ಶಾಲೆಯಲ್ಲಿ ವ್ಯಾಕರಣಕ್ಕೆ ಅಷ್ಟೊಂದು ಅವಧಿಗಳೇಕೆ ಎಂದು ಕೇಳುವವರು ಹೊಂಗನೂರಿನಂತಹ ಗ್ರಾಮಗಳಲ್ಲಿಯೂ ಇದ್ದಾರೆ. ಪ್ರಶ್ನೆ ಸಹಜವಾದುದೇ. ಆದರೆ ಕಂಪ್ಯೂಟರ್ ವಿದ್ವಾಂಸರೇ ಇಂದು ಯಾವ ಚಿಂತೆಯಲ್ಲಿ ತೊಡಗಿದ್ದಾರೆಂಬುದನ್ನು ಅರಿತರೆ ಉತ್ತರ ಬೇರೆಯಾದೀತು.

ಮನುಷ್ಯನು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ದುಭಾಷಿಗೆ ಕಂಪೈಲರ್ ಎಂದು ಹೆಸರು. ಅದು ಪದಗಳನ್ನು ಬಿಡಿಸಿ, ವಾಕ್ಯದ ಅನ್ವಯವನ್ನು ಗೊತ್ತುಮಾಡಿಕೊಂಡು, ಅನಂತರ ಅರ್ಥವನ್ನು ಯಂತ್ರಕ್ಕೆ ಒಪ್ಪಿಸುತ್ತದೆ. ‘ರಾಮನು ರಾವಣನನ್ನು ಕೊಂದನು’ ಎಂಬುದನ್ನು ‘ರಾಮನನ್ನು ರಾವಣನು ಕೊಂದನು’ ಎಂದು ತಿರುಗಿಸಿದರೆ ವಾಕ್ಯದಲ್ಲಿ ವ್ಯಾಕರಣದೋಷ ಕಿಂಚಿತ್ತೂ ಇರದು. ಕಥೆ ಮಾತ್ರ ತಲೆಕೆಳಗಾಗಿರುತ್ತದೆ. ಕಂಪೈಲರಿನ ತಪ್ಪೂ ಇಂಥದೇ. ಬರೆದವನು ನಿರ್ದೋಷಿ, ಯಂತ್ರವೂ ನಿರ್ದೋಷಿ. ನಡುವಣ ದುಭಾಷಿಯಿಂದ ಅನರ್ಥ. ಅಮೆರಿಕೆಯ ಯೂಟಾ ವಿಶ್ವವಿದ್ಯಾನಿಲಯದ ಸಂಶೋಧಕರು ಮೂರು ವರ್ಷ ಹುಡುಕಿ, ಲೋಕಪ್ರಸಿದ್ಧ ಕಂಪೈಲರುಗಳಲ್ಲಿ 325ಕ್ಕೂ ಹೆಚ್ಚು ಹೊಸ ದೋಷಗಳನ್ನು ಕಂಡುದಾಗಿ 2011ರಲ್ಲಿ ಪ್ರಕಟಿಸಿದರು. ಅವೆಲ್ಲವೂ ಪರೀಕ್ಷೆಗಳಲ್ಲಿ ಉತ್ತೀರ್ಣವಾಗಿ ಬಂದಿದ್ದ ಕಂಪೈಲರುಗಳೇ!

ಸಾವಿರ ಉದಾಹರಣೆಗಳು ಸರಿಬಂದ ಮಾತ್ರಕ್ಕೆ ಸಾವಿರದೊಂದನೆಯದು ಸರಿಯಾಗಬೇಕೆಂಬ ನಿಯಮವಿಲ್ಲ. ಇದನ್ನರಿತು ಫ್ರಾನ್ಸ್ ದೇಶದ ಕ್ಸೇವಿಯರ್ ಲೆರಾಯ್ ಮತ್ತು ಸಂಗಡಿಗರು ಕಾಂಪ್‌ಸರ್ಟ್ ಎಂಬ ಕಂಪೈಲರನ್ನು ರಚಿಸಿ, ಅದರ ಅನುವಾದದ ಹಂತಹಂತದಲ್ಲಿಯೂ ಅರ್ಥ ಕೆಡದೆಂಬುದಕ್ಕೆ ಗಣಿತದ ಸಾಧನೆಯನ್ನು ಬರೆದರು; ಆ ಸಾಧನೆಯನ್ನು ಇನ್ನೊಂದು ಯಂತ್ರವೇ ಪರಿಶೀಲಿಸಿತು. ಯೂಟಾದವರಿಗೆ ಕಾಂಪ್‌ಸರ್ಟಿನಲ್ಲಿಯೂ ಕೆಲವು ದೋಷಗಳು ದೊರೆತವು. ಆದರೆ ಅವು ಸಾಧನೆಯ ವ್ಯಾಪ್ತಿಗೆ ಸೇರದ ಭಾಗಗಳಲ್ಲಿದ್ದುವು.

ಈ ವಿದ್ಯೆ ದೂರದ್ದೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈ. ಎನ್. ಶ್ರೀಕಾಂತ್ ಹಾಗೂ ದಿವಂಗತ ಪ್ರೀತಿ ಶಂಕರ್ ಅವರು ಸಂಪಾದಿಸಿದ ಕಂಪೈಲರ್ ರಚನೆಯ ಬೃಹತ್ ಕೈಪಿಡಿ 2002ರಲ್ಲಿಯೇ ಹೊರಬಂದಿದೆ.

ಪಾಣಿನಿಯೇ ಕಂಪ್ಯೂಟರನ್ನು ಕಂಡುಹಿಡಿದನೆಂಬ ಉತ್ಸಾಹದ ಮಾತು ಇಲ್ಲಿ ಬೇಡ. ಕೇಶಿರಾಜನು ಸೂತ್ರ ಹೇಳಿ, ವೃತ್ತಿ ಬರೆದು, ಪ್ರಯೋಗ ತೋರಿಸಿದ ಕ್ರಮವು ಗಣಿತದ ಸಾಧನೆಯೂ ಅಲ್ಲ. ಆದರೂ ‘ಮನೆಯಲ್ಲಿ’ ಎಂಬುದರಲ್ಲಿ ಯಕಾರ ಹೇಗೆ ಬಂತೆಂದು ಸೂತ್ರ ಹಿಡಿದು ಹೇಳಬಲ್ಲ ಬಾಲಕಿಗೂ, ರೇಖಾಗಣಿತದ ಪ್ರಮೇಯವನ್ನು ಕಾರಣಸಹಿತ ಬಿಡಿಸುವ ಬಾಲಕನಿಗೂ ಈ ಶಾಸ್ತ್ರದ ಬಾಗಿಲು ಅರ್ಧ ತೆರೆದಂತೆಯೇ. ಶಾಲೆಗಳಿಗೆ ಯಂತ್ರಗಳನ್ನು ಕೊಡುವ ದಾನಿಗಳ ಔದಾರ್ಯ ಸ್ತುತ್ಯ. ಆ ಯಂತ್ರಗಳಿಗಾಗಿ ವ್ಯಾಕರಣದ ಅವಧಿಯನ್ನು ಕಿತ್ತುಕೊಳ್ಳುವುದು, ಪ್ರಮೇಯಗಳನ್ನು ಉರುಹೊಡೆಸಿ ಅಂಕ ಕೊಡಿಸುವುದು ಮಾತ್ರ ಸಲ್ಲದು. ಕೋಣೆ ಕಟ್ಟಿಸುವವರು ವ್ಯಾಕರಣದ ಅಧ್ಯಾಪಕರೊಬ್ಬರ ಸಂಬಳಕ್ಕೂ ಒಂದು ದತ್ತಿಯನ್ನಿಡಬಹುದಷ್ಟೆ.