ಕಥೆಯ ಹಿಂದೆ ನಿಲ್ಲದ ಸಂಗೀತ

ಕಾದಂಬರಿಕಾರ ನೀಲ್ ಗೈಮನ್ 2010ರಲ್ಲಿ ಸಿಡ್ನಿಯ ಆಪೆರಾ ಹೌಸ್‌ನಲ್ಲಿ ತಮ್ಮ ಕಥೆಯೊಂದನ್ನು ಓದಿದಾಗ ಫೋರ್‌ಪ್ಲೇ ತಂತಿವಾದ್ಯ ತಂಡವು ಜೊತೆಗೆ ನುಡಿಸಿತು. ಇಂತಹ ಕಛೇರಿಗಳಲ್ಲಿ ಸಂಗೀತವು ಮಾತಿನ ಹಿನ್ನೆಲೆಯಾಗಿ ಕುಗ್ಗುವ ಅಪಾಯವುಂಟು. ಪ್ರೊಕೊಫಿಯೆವ್ 1936ರಲ್ಲಿ ರಚಿಸಿದ ‘ಪೀಟರ್ ಮತ್ತು ತೋಳ’ದಲ್ಲಿ ಅದು ಕುಗ್ಗುವುದಿಲ್ಲ. ಅಲ್ಲಿ ಹಕ್ಕಿಗೆ ಕೊಳಲು, ಬಾತಿಗೆ ಓಬೋ, ಬೆಕ್ಕಿಗೆ ಕ್ಲಾರಿನೆಟ್, ತೋಳಕ್ಕೆ ಮೂರು ಹಾರ್ನ್‌ಗಳು. ನಿರೂಪಕನು ಸುಮ್ಮನಾದಾಗಲೂ ಕಥೆ ಮುಂದುವರಿಯುತ್ತದೆ. ಕುಂಬಳೆಯ ಪಾರ್ತಿಸುಬ್ಬನ ನಾಡಿನವರಾದ ನಮಗೆ ಈ ಮರ್ಮ ಹೊಸತಲ್ಲ. ತಾಳಮದ್ದಳೆಯಲ್ಲಿ ಭಾಗವತರ ಪದ ಮುಗಿದ ಮೇಲೆ ಅರ್ಥಧಾರಿ ಮಾತಿಗಿಳಿಯುತ್ತಾನೆ; ಆಗ ಚೆಂಡೆ ಮದ್ದಳೆಗಳು ಹಿಂದೆ ಸರಿಯುತ್ತವೆ. ಆದರೂ ಕಾಲೇಜು ವೇದಿಕೆಗಳಲ್ಲಿ ಕಥಾವಾಚನವೆಂದರೆ ಕೀಬೋರ್ಡಿನ ಎಡೆಬಿಡದ ಗುಂಯ್‌ಗುಟ್ಟುವಿಕೆ! ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಕಾರಂತರ ಕಾದಂಬರಿಯೊಂದರ ಅಧ್ಯಾಯವನ್ನು ಆರಿಸಿಕೊಂಡು, ಮಾತು ಎಲ್ಲಿ ನಿಂತು ವಾದ್ಯ ನುಡಿಯಬೇಕೆಂಬುದನ್ನು ಮೊದಲು ಗುರುತಿಸಲಿ. ವಾದ್ಯಗಾರರನ್ನು ಆ ಬಳಿಕ ಕರೆದರಾಯಿತು.