ಅರ್ಧಕ್ಕೆ ನಿಂತ ಬಿಡುಗಡೆ

ಈಚೆಗೆ ಮುಂಡರಗಿಯ ಕಡೆಯ ರೈತರೊಬ್ಬರು, ನನ್ನ ಹಳೆಯ ವಿದ್ಯಾರ್ಥಿನಿಯ ತಂದೆ, ಗದಗಿನ ನಮ್ಮ ಮನೆಗೆ ಬಂದು ಒಂದು ಛಾಪಾಕಾಗದವನ್ನು ನನ್ನ ಕೈಗಿತ್ತರು. ಐದು ವರ್ಷಗಳ ಹಿಂದೆ ಹಿರಿಯರ ಸಮಕ್ಷಮದಲ್ಲಿ ಮಗಳಿಗೂ ಅಳಿಯನಿಗೂ ಆದ ಬಿಡುಗಡೆಯ ಪತ್ರವದು. ಈಗ ಲಕ್ಷ್ಮೇಶ್ವರದಿಂದ ಒಂದು ಸಂಬಂಧ ಕೂಡಿಬಂದಿದೆ. ಆದರೆ ಬೀಗರಾಗುವವರು ಕೋರ್ಟಿನ ಕಾಗದ ಕೇಳುತ್ತಿದ್ದಾರೆ. “ಇದರಾಗ ಏನರ ಕಡಿಮಿ ಐತೇನು, ನೋಡ್ರಿ ಸರ” ಎಂದರು.

ಓದಿದೆ. ಭಾಷೆ ನಿರ್ದುಷ್ಟವಾಗಿತ್ತು, ನನ್ನ ಎಷ್ಟೋ ವಿದ್ಯಾರ್ಥಿಗಳು ಅಷ್ಟು ಶುದ್ಧವಾಗಿ ಬರೆಯಲಾರರು. ಇಬ್ಬರೂ ಬೇಕಾದವರನ್ನು ಲಗ್ನವಾಗಲು ಸ್ವತಂತ್ರರೆಂಬ ವಾಕ್ಯವಿತ್ತು, ಐವರು ಪಂಚರ ರುಜುವಿತ್ತು. ಕಡಿಮೆಯಾದುದೊಂದೇ: ಅದರಿಂದ ಮದುವೆ ಮುರಿದಿರಲಿಲ್ಲ.

ಇಂಥ ಕಾಗದಕ್ಕೆ ನಮ್ಮ ಸೀಮೆಯಲ್ಲಿ ಹಳೆಯ ವಂಶವಿದೆ. ಅನೇಕ ಸಮುದಾಯಗಳಲ್ಲಿ ಸೋಡಚೀಟಿ ಪಡೆದ ಹೆಣ್ಣು ಉಡಿಕೆಯಾಗಿ ಮತ್ತೆ ಸಂಸಾರ ಹೂಡುತ್ತಿದ್ದಳು. ಜಾತಿಯ ಪಂಚರು ಮದುವೆ ಮುರಿದು ಮರುಮದುವೆಗೆ ಅಪ್ಪಣೆ ಕೊಡುವ ಅಧಿಕಾರವನ್ನು ಮುಂಬಯಿ ಹೈಕೋರ್ಟು 1876ರಲ್ಲಿಯೇ ಒಪ್ಪಲಿಲ್ಲ. ಊರು ಮಾತ್ರ ಒಪ್ಪುತ್ತಲೇ ಬಂದಿತು. 1947ರಲ್ಲಿ ಮುಂಬಯಿ ಪ್ರಾಂತದ ವಿಚ್ಛೇದನ ಕಾಯಿದೆ ಹುಟ್ಟಿದಾಗ ಗದಗು, ಮುಂಡರಗಿಗಳು ಅದರ ವ್ಯಾಪ್ತಿಗೆ ಬಂದವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿಯೂ ಲಕ್ಷ್ಮೇಶ್ವರ ಮಿರಜದಲ್ಲಿಯೂ ಇದ್ದುದರಿಂದ 1948ರ ವಿಲೀನದವರೆಗೆ ಹೊರಗುಳಿದವು. ಬಳಿಕ 1955ರ ಹಿಂದೂ ವಿವಾಹ ಕಾಯಿದೆ ಎಲ್ಲರಿಗೂ ಒಂದೇ ಆಯಿತು.

ಆ ಕಾಯಿದೆಯ 29ನೆಯ ಕಲಮು ರೂಢಿಯ ವಿಚ್ಛೇದನವನ್ನು ಉಳಿಸಿದೆ. ನಮ್ಮ ಹಿರಿಯರ ಧೈರ್ಯಕ್ಕೆ ಇದೇ ಆಧಾರ. ಆದರೆ ರೂಢಿಯುಂಟೆಂದು ಹೇಳುವವನು ಅದನ್ನು ಸಾಕ್ಷಿಯಿಂದ ಸಿದ್ಧಪಡಿಸಬೇಕೆಂದು ಸುಪ್ರೀಂ ಕೋರ್ಟು 2002ರಲ್ಲಿ ಸ್ಪಷ್ಟಪಡಿಸಿತು. ತೊಡಕು ಇಲ್ಲಿಯೇ. ಮರ್ಯಾದಸ್ಥರೆನಿಸಿಕೊಳ್ಳುವ ಹಂಬಲದಲ್ಲಿ ಎಷ್ಟೋ ಮನೆತನಗಳು ಅಜ್ಜಿಯ ಉಡಿಕೆಯ ಮಾತನ್ನೇ ಮುಚ್ಚಿಟ್ಟುವು. ತಾವೇ ಅಲ್ಲಗಳೆದ ರೂಢಿಯನ್ನು ಇಂದು ಕಟಕಟೆಯಲ್ಲಿ ನಿಂತು ಹೇಗೆ ಸಿದ್ಧಪಡಿಸಿಯಾರು? ಉಡಿಕೆ ಹೋಯಿತು, ಸೋಡಚೀಟಿ ಉಳಿಯಿತು. ಬಾಗಿಲು ಮುಚ್ಚುವ ವಿದ್ಯೆ ಉಳಿದು ತೆರೆಯುವ ವಿದ್ಯೆ ಮರೆತಂತಾಯಿತು. ವಿಚ್ಛೇದನದ ಪತ್ರ ಮಾಡಿಕೊಡಬಾರದೆಂದು ಕೇಂದ್ರ ಕಾನೂನು ಇಲಾಖೆ 2024ರಲ್ಲಿ ನೋಟರಿಗಳಿಗೂ ಸೂಚಿಸಿದೆ.

ಕೋರ್ಟಿನ ಮಾರ್ಗ ದುರ್ಗಮವೇನಲ್ಲ. 1976ರ ತಿದ್ದುಪಡಿಯಂತೆ, ಒಂದು ವರ್ಷ ಬೇರೆಯಿದ್ದ ದಂಪತಿಗಳು ಒಪ್ಪಿ ಅರ್ಜಿ ಹಾಕಬಹುದು. ಅನಂತರದ ಆರು ತಿಂಗಳ ಕಾಯುವಿಕೆಯನ್ನು ತಕ್ಕ ಸಂದರ್ಭದಲ್ಲಿ ಕೋರ್ಟು ಬಿಟ್ಟುಕೊಡಬಹುದೆಂದು 2017ರಲ್ಲಿ ತೀರ್ಪಾಗಿದೆ. ಒಪ್ಪಿಗೆಯಿಲ್ಲದೆ ಹೋರಾಡಿ ಪಡೆದ ಡಿಕ್ರಿಯಾದರೆ, ಮೇಲ್ಮನವಿಯ 90 ದಿನಗಳು ಕಳೆಯುವವರೆಗೆ ಮರುಮದುವೆ ಸಲ್ಲದು.

ಆದರೆ ಒಪ್ಪಲು ಗಂಡನಿರಬೇಕಲ್ಲ! ಆತ ಶಿರಹಟ್ಟಿಯ ಕಡೆ ಇನ್ನೊಬ್ಬಳ ಕೊರಳಿಗೆ ತಾಳಿ ಕಟ್ಟಿದ್ದಾನೆ; ಕೋರ್ಟಿಗೆ ಬಂದರೆ ಮೊದಲ ಮದುವೆ ಇರುವಾಗಲೇ ಎರಡನೆಯದಾದುದು ಬಯಲಾಗುವುದೆಂಬ ಅಂಜಿಕೆ. ಆ ಅಪರಾಧಕ್ಕೆ ಏಳು ವರ್ಷಗಳವರೆಗೆ ಶಿಕ್ಷೆಯುಂಟು. ಇನ್ನು ಈಕೆ ಪರಿತ್ಯಾಗದ ಕಾರಣವೊಡ್ಡಿ ದಾವೆ ಹೂಡಿದರೆ? ಪರಿತ್ಯಾಗವೆಂದರೆ ಒಪ್ಪಿಗೆಯಿಲ್ಲದೆ ತೊರೆಯುವುದು. ಒಪ್ಪಿ ಅಗಲಿದೆವೆಂದು ಸಾರುವ ಆ ಛಾಪಾಕಾಗದವೇ ಆಕೆಗೆ ಪ್ರತಿಕೂಲ ಸಾಕ್ಷಿಯಾಗಿ ನಿಲ್ಲುತ್ತದೆ! ಆತನ ಎರಡನೆಯ ಸಂಸಾರವನ್ನೇ ಕಾರಣವಾಗಿ ತೋರಿಸುವ ದಾರಿ ಆಕೆಗಿದೆ. ಹಳ್ಳಿಯಲ್ಲಿ ಅದಕ್ಕೆ ಸಾಕ್ಷಿ ಹೇಳುವವರು ಬೇಕು.

ಆ ಎರಡನೆಯವಳ ಗತಿಯನ್ನೂ ನೆನೆಯಬೇಕು. ಆಕೆಯ ಮದುವೆ ಕಾನೂನಿನ ಕಣ್ಣಿಗೆ ಮದುವೆಯೇ ಅಲ್ಲ. ಇಂಥವರ ಮಕ್ಕಳಿಗೆ ತಂದೆಯ ಪಾಲಿನಲ್ಲಿ ಹಕ್ಕುಂಟೆಂದು ಕರ್ನಾಟಕದಿಂದ ಹೋದ ದಾವೆಯೊಂದರಲ್ಲಿ 2023ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ತಾಯಿಗೆ ಆ ತೀರ್ಪು ಹೆಂಡತಿಯ ಪಟ್ಟ ಕೊಡಲಿಲ್ಲ.

ಇದನ್ನೆಲ್ಲ ವಿವರಿಸಿದಾಗ ರೈತರು ಬಹಳ ಹೊತ್ತು ಸುಮ್ಮನಿದ್ದು, “ಹಂಗಾದರ ಈ ಐದು ವರ್ಷ ನನ್ನ ಮಗಳು ಯಾರ ಹೆಂಡತಿರಿ?” ಎಂದರು. ಉತ್ತರ ನನಗೆ ಗೊತ್ತಿತ್ತು, ಹೇಳಲಿಲ್ಲ. ಮರುದಿನ ಅವರನ್ನು ಗದಗಿನ ವಕೀಲರೊಬ್ಬರಲ್ಲಿಗೆ ಕರೆದುಕೊಂಡು ಹೋದೆ. ಲಕ್ಷ್ಮೇಶ್ವರದವರು ಒಂದು ವರ್ಷ ಕಾಯುವುದಾಗಿ ಹೇಳಿ ಕಳಿಸಿದ್ದಾರೆ.