ಸೂಜಿ ಕೇಳುವ ಪ್ರಶ್ನೆ

ಟೊಂಕ ಹಿಡಿದರೆ ಬೆನ್ನಿಗೆ ಸೂಜಿ ಹಾಕಿಸಿ, ಬ್ಯಾನಿ ಹೋಗತೈತಿ ಎಂದು ಹೇಳಲು ನಮ್ಮ ಕಡೆ ಡಾಕ್ಟರೇ ಬೇಕೆಂದಿಲ್ಲ, ಪಕ್ಕದ ಮನೆಯವರೂ ಹೇಳುತ್ತಾರೆ. ಆ ಸಲಹೆಯ ಹಿಂದಿನ ತಿಳಿವಳಿಕೆ ಮಾತ್ರ ತಲೆಕೆಳಗಾಗಿದೆ. ಬೆನ್ನೆಲುಬಿನ ಕೀಲಿಗೆ ಕೊಡುವ ಇಂಜೆಕ್ಷನ್ ಮೊದಲು ಪರೀಕ್ಷೆ, ಆಮೇಲೆ ಚಿಕಿತ್ಸೆ. ಅದೂ ಸಣ್ಣ ಚಿಕಿತ್ಸೆ. ಸಿರಿಂಜಿನಲ್ಲಿರುವ ಮರಗಟ್ಟಿಸುವ ಔಷಧ, ನೋವು ಇಲ್ಲಿಂದಲೇ ಹುಟ್ಟುತ್ತಿದೆಯೇ ಎಂದು ಕೇಳುತ್ತದೆ. ಅದಕ್ಕೆ ಉತ್ತರ ಕೊಡಬೇಕಾದವರು ರೋಗಿ. ಬೆಳಗಾವಿಯಲ್ಲಿ ಸೂಜಿ ಹಾಕಿಸಿಕೊಂಡು ಅದೇ ದಿನ ಖಾನಾಪುರದ ಬಸ್ಸು ಹತ್ತುವವರಿಂದ ಆ ಉತ್ತರ ಬರೆಸಿಕೊಳ್ಳದಿದ್ದರೆ ಸೂಜಿಯೂ ದಂಡ, ದುಡ್ಡೂ ದಂಡ ಎಂಬುದು ನನ್ನ ವಾದ.

ಬೆನ್ನೆಲುಬಿನ ಮಣಿಗಳ ಹಿಂಬದಿಯಲ್ಲಿ, ಒಂದು ಮಣಿ ಇನ್ನೊಂದನ್ನು ಕೂಡುವಲ್ಲೆಲ್ಲ ಎಡಕ್ಕೊಂದು ಬಲಕ್ಕೊಂದು ಚಿಕ್ಕ ಕೀಲುಗಳಿವೆ. ಫ್ಯಾಸೆಟ್ ಕೀಲು ಎಂದು ಇವುಗಳ ಹೆಸರು. ಇವುಗಳಿಂದ ಬರುವ ನೋವಿಗೆ ಗಾರ್ಮ್ಲಿ ಎಂಬ ಅಮೆರಿಕದ ವೈದ್ಯ 1933ರಲ್ಲೇ ಹೆಸರಿಟ್ಟಿದ್ದರು. ಮರುವರ್ಷವೇ ಮಿಕ್ಸ್‌ಟರ್ ಮತ್ತು ಬಾರ್ ಜಾರಿದ ಡಿಸ್ಕಿನ ಕಥೆಯನ್ನು ಪ್ರಕಟಿಸಿದರು. ಅಂದಿನಿಂದ ದಶಕಗಳ ಕಾಲ ಡಿಸ್ಕಿನದೇ ದರ್ಬಾರು, ಕೀಲು ಮೂಲೆಗೆ. 1976ರಲ್ಲಿ ಮೂನಿ ಮತ್ತು ರಾಬರ್ಟ್‌ಸನ್ ಈ ಕೀಲಿಗೆ ಗಾಢ ಉಪ್ಪುನೀರು ಚುಚ್ಚಿ ಸೊಂಟ, ಪೃಷ್ಠ, ತೊಡೆಗಳಲ್ಲಿ ನೋವು ಬರಿಸಿ, ಮರಗಟ್ಟಿಸುವ ಔಷಧದಿಂದ ಅದನ್ನೇ ಇಳಿಸಿ ತೋರಿಸಿದ ಮೇಲೆ ಕೀಲು ಮತ್ತೆ ಮುನ್ನೆಲೆಗೆ ಬಂತು. ಇಷ್ಟೆಲ್ಲ ಯಾಕೆ, ಎಂಆರ್‌ಐ ಮಾಡಿಸಿದರೆ ಗೊತ್ತಾಗುವುದಿಲ್ಲವೇ ಎಂದು ಕೇಳುವವರಿಗೆ 2015ರ ಒಂದು ದೊಡ್ಡ ಪರಾಮರ್ಶೆಯೇ ಉತ್ತರ. ಬೆನ್ನುನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನುಗಳನ್ನು ಅದರಲ್ಲಿ ಲೆಕ್ಕ ಹಾಕಿದಾಗ, ಉಬ್ಬಿದ ಡಿಸ್ಕು ಇಪ್ಪತ್ತರ ಹರೆಯದವರಲ್ಲಿ ಶೇ 30, ಎಂಬತ್ತರವರಲ್ಲಿ ಶೇ 84 ಮಂದಿಗೆ ಕಂಡಿತು. ಸವೆದ ಕೀಲುಗಳ ಕಥೆಯೂ ಅದೇ. ವಯಸ್ಸಾದಂತೆ ಕೂದಲು ನೆರೆತ ಹಾಗೆ ಬೆನ್ನೂ ಸವೆಯುತ್ತದೆ; ನೋವಿನ ಮೂಲ ಯಾವುದೆಂದು ಚಿತ್ರವೊಂದೇ ಹೇಳಲಾರದು.

ಆದ್ದರಿಂದಲೇ ಸೂಜಿ. ಎಕ್ಸ್‌ರೇ ಪರದೆಯಲ್ಲಿ ಜಾಗ ನೋಡಿಕೊಂಡು ಕೀಲಿಗೋ, ಅದರ ನೋವನ್ನು ಹೊತ್ತೊಯ್ಯುವ ಸಣ್ಣ ನರಕ್ಕೋ ಒಂದಿಷ್ಟೇ ಔಷಧ ಬಿಡುತ್ತಾರೆ. ಮುಂದಿನ ಕೆಲವು ಗಂಟೆಗಳೇ ಪರೀಕ್ಷೆ. ಆ ಹೊತ್ತಿನಲ್ಲಿ ರೋಗಿ, ದಿನವೂ ತನಗೆ ನೋವು ಕೊಡುವುದನ್ನೇ ಮಾಡಬೇಕು: ನಾಟಿ ಹಚ್ಚುವ ಹೆಣ್ಣುಮಗಳು ಬಗ್ಗಿ ಎದ್ದು ನೋಡಬೇಕು, ಖಾನಾಪುರದ ಕುಂಬಾರ ಮಣ್ಣು ತುಳಿಯುವ ಹಾಗೆ ಕಾಲಾಡಿಸಬೇಕು, ವಡಗಾವಿಯ ನೇಕಾರ ಮಗ್ಗದ ಮುಂದೆ ಕೂತಂತೆ ಕೂರಬೇಕು. ಸೊನ್ನೆಯಿಂದ ಹತ್ತರೊಳಗೆ ನೋವೆಷ್ಟು ಎಂದು ಗಂಟೆಗೊಮ್ಮೆ ಬರೆದಿಡಬೇಕು. ನಮ್ಮಲ್ಲಿ ನಡೆಯುವುದು ಇದರ ಉಲ್ಟಾ. ಸೂಜಿ ಆಯಿತಲ್ಲ, ಅಲುಗಾಡದೆ ಮಲಗು ಎನ್ನುತ್ತಾರೆ ಮನೆಯವರು. ಜೊತೆಗೊಂದು ನೋವಿನ ಗುಳಿಗೆಯೂ ಹೊಟ್ಟೆ ಸೇರುತ್ತದೆ. ಇಳಿದ ನೋವು ಸೂಜಿಯಿಂದ ಇಳಿಯಿತೋ, ಗುಳಿಗೆಯಿಂದಲೋ, ಹಾಸಿಗೆಯಿಂದಲೋ? ಎಲ್ಲ ಸರಿಯಾಗಿ ಮಾಡಿದಾಗಲೂ ಒಂದೇ ಸೂಜಿಯ ‘ಹೌದು’ ಎಂಬ ಉತ್ತರ ಹಲವು ಸಲ ಹುಸಿ ಎಂದು 1990ರ ದಶಕದ ಅಧ್ಯಯನಗಳೇ ತೋರಿಸಿವೆ. ಖಚಿತಪಡಿಸಿಕೊಳ್ಳಲು ಬೇರೆ ದಿನ ಎರಡನೆಯದು ಬೇಕೆನ್ನುವುದು ಅದಕ್ಕೇ.

ಕೂಲಿಯವರಿಗೆ ಈ ತರ್ಕವೆಲ್ಲ ಯಾಕೆ, ಸುಗ್ಗಿ ಮುಗಿಯುವ ತನಕ ಎರಡು ತಿಂಗಳು ನೋವು ಕಡಿಮೆಯಾದರೆ ಸಾಲದೇ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಆ ಎರಡು ತಿಂಗಳ ಖಾತರಿಯೇ ಇಲ್ಲ. ಕೆನಡಾದ ಕಾರೆಟ್ ತಂಡ 1991ರಲ್ಲಿ ಕೀಲಿಗೆ, ಚಿಕಿತ್ಸೆಗೆಂದು ಬಳಸುವ ಸ್ಟಿರಾಯ್ಡ್ ಔಷಧ ಪಡೆದವರನ್ನೂ ಬರೀ ಉಪ್ಪುನೀರು ಪಡೆದವರನ್ನೂ ಹೋಲಿಸಿತು. ತಿಂಗಳ ನಂತರ ಚೆನ್ನಾಗಿ ಗುಣವಾಯಿತೆಂದವರು ಮೊದಲ ಗುಂಪಿನಲ್ಲಿ ಶೇ 42, ಎರಡನೆಯದರಲ್ಲಿ ಶೇ 33. ಭರವಸೆ ಇಡುವಂಥ ಅಂತರವಲ್ಲ. ಸಕ್ಕರೆ ಕಾಯಿಲೆಯವರಿಗೆ ಸ್ಟಿರಾಯ್ಡ್ ಕೆಲವು ದಿನ ಸಕ್ಕರೆ ಏರಿಸುತ್ತದೆ ಎಂಬುದು ಬೇರೆ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2016ರಲ್ಲೇ ಬೆನ್ನುನೋವಿನ ಚಿಕಿತ್ಸೆಗಾಗಿ ಈ ಸೂಜಿ ಬೇಡ ಎಂದಿತು. 2025ರಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆಯ ಮಾರ್ಗಸೂಚಿ ದೀರ್ಘಕಾಲದ ಬೆನ್ನುನೋವಿಗೆ ಕೀಲಿನ ಸೂಜಿಯನ್ನೂ, ನರವನ್ನು ಶಾಖದಿಂದ ಸುಡುವ ವಿಧಾನವನ್ನೂ ಸೇರಿಸಿ ಇನ್ನಷ್ಟು ಗಟ್ಟಿಯಾಗಿ ಬೇಡ ಎಂದಿತು.

ಹಾಗಿದ್ದರೆ ಪರೀಕ್ಷೆಗಾದರೂ ಯಾಕೆ? ಇದು ಹೆಚ್ಚು ಕಠಿಣವಾದ ಪ್ರಶ್ನೆ, ಪೂರ್ತಿ ಸಮಾಧಾನದ ಉತ್ತರ ನನ್ನಲ್ಲಿಲ್ಲ. ಆದರೂ ‘ಇಲ್ಲ’ ಎಂಬ ಉತ್ತರಕ್ಕೆ ಬೆಲೆಯಿದೆ ಎನ್ನುತ್ತೇನೆ. ಕೀಲು ಮರಗಟ್ಟಿದರೂ ನೋವು ಹಾಗೇ ಉಳಿದರೆ ಅದೇ ಕೀಲಿಗೆ ಎರಡನೆಯ, ಮೂರನೆಯ ಸ್ಟಿರಾಯ್ಡ್ ಸೂಜಿ ಬೇಡವೆನ್ನಲು ರೋಗಿಯ ಕೈಯಲ್ಲಿ ಪುರಾವೆ ಇರುತ್ತದೆ. ಬರೆದಿಡದಿದ್ದರೆ ಅದೂ ಇಲ್ಲ, ತಿಂಗಳಿಗೊಂದು ಸೂಜಿ ಮಾತ್ರ ಇರುತ್ತದೆ.

ಹೊಸದಾಗಿ ಹಿಡಿದ ಟೊಂಕ ಬಹುಪಾಲು ಜನರಿಗೆ ಕೆಲವೇ ವಾರಗಳಲ್ಲಿ ತಾನಾಗಿ ಸಡಿಲುತ್ತದೆ. ಕಾಲಿನ ಬಲ ಹೋದರೆ, ಮೂತ್ರ ಕಟ್ಟಿದರೆ, ಜ್ವರವೋ ತೂಕ ಇಳಿಕೆಯೋ ಜೊತೆಗಿದ್ದರೆ ಮಾತ್ರ ಕಾಯದೆ ಆಸ್ಪತ್ರೆಗೆ ಓಡಬೇಕು. ಬೆನ್ನೆಲುಬಿನ ಕ್ಷಯ ನಮ್ಮ ದೇಶದಲ್ಲಿ ಅಪರೂಪವೇನಲ್ಲ. ಉಳಿದವರಿಗೆ ವ್ಯಾಯಾಮ ಕಲಿಸುವ ಕೆಲಸ ಖಾನಾಪುರದ ತಾಲ್ಲೂಕು ಆಸ್ಪತ್ರೆಯಲ್ಲೇ ಆಗಬೇಕು. ಜಾಂಬೋಟಿ, ಕಣಕುಂಬಿಯವರು ಅದಕ್ಕಾಗಿ ಬೆಳಗಾವಿಗೆ ಅಲೆಯಬಾರದು. ಜವಾಹರಲಾಲ್ ನೆಹರೂ ಮತ್ತು ಬಿಮ್ಸ್ ವೈದ್ಯಕೀಯ ಕಾಲೇಜುಗಳೆರಡೂ ಇರುವ ಊರಿಗೆ ನೋವಿನ ಲೆಕ್ಕದ ಒಂದು ಹಾಳೆಯನ್ನು ಕನ್ನಡದಲ್ಲಿ, ಹಾಗೆಯೇ ಟೊಂಕದ ಬ್ಯಾನಿಗೆ ಕಂಬರದುಖಿ ಎನ್ನುವವರಿಗಾಗಿ ಮರಾಠಿಯಲ್ಲಿ, ಅಚ್ಚು ಹಾಕಿಸುವುದು ಭಾರವಲ್ಲ. ಅಲ್ಲಿಯ ತನಕ ಸೂಜಿಗೆ ಹೋಗುವವರು ಮಗಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಕಿಸೆಯಲ್ಲಿಟ್ಟುಕೊಂಡು ಹೋಗಿ. ಬಸ್ಸಿಳಿದ ಕೂಡಲೇ ಮಲಗಬೇಡಿ. ಒಮ್ಮೆ ಬಗ್ಗಿ, ಎದ್ದು, ಅಂಕಿ ಬರೆಯಿರಿ.